ಎಸಿ ಕ್ಯಾಬಿನ್ ಟಿಪ್ಪರ್: ಒಂದು ಬೇಸಿಗೆ ಪೂರ್ತಿ ಓಡಿಸಿದ ಮೇಲೆ ಬರೆದದ್ದು

ಫೆಬ್ರವರಿಯಿಂದ ಹೊಸ ಎಸಿ ಕ್ಯಾಬಿನ್ ಟಿಪ್ಪರ್ ಓಡಿಸುತ್ತಿದ್ದೇನೆ. ಹನ್ನೆರಡು ಚಕ್ರದ್ದು. ಸಂಡೂರು ಕಡೆ ಗಣಿಯಲ್ಲಿ ಅದಿರು ತುಂಬಿಸಿಕೊಂಡು ಹೊಸಪೇಟೆ ಮೇಲೆ ಹಾದು, ತುಂಗಭದ್ರಾ ಸೇತುವೆ ದಾಟಿ, ಹಿಟ್ನಾಳದ ಹತ್ತಿರ ತಿರುಗಿ ಗಿಣಿಗೇರಿ ಕಡೆಯ ಫ್ಯಾಕ್ಟರಿಗೆ ಹಾಕುವುದು, ಖಾಲಿ ವಾಪಸ್ ಬರುವುದು. ಹೋಗಿಬರಲು ಸುಮಾರು 130 ಕಿಲೋಮೀಟರ್. ಎಸಿ ಗಾಡಿ ಹೇಗಿದೆ ಅಂತ ಗೆಳೆಯರು ದಿನಾ ಕೇಳುತ್ತಾರೆ. ಕೆಲವರು ಮಾಲೀಕರೂ ಕೇಳಿದ್ದಾರೆ. ಅದಕ್ಕೆ ಒಂದೇ ಸಲ ಎಲ್ಲಾ ಬರೆದುಬಿಡೋಣ ಅಂತ ಕೂತಿದ್ದೇನೆ.

ಗಾಡಿ ಯಾವ ಕಂಪನಿಯದು ಅಂತ ಹೇಳುವುದಿಲ್ಲ. ಹೇಳಿದರೆ ಈ ಲೈನ್‌ನಲ್ಲಿ ಓಡುವವರಿಗೆ ನಮ್ಮ ಮಾಲೀಕರು ಯಾರು, ನಾನು ಯಾರು ಅಂತ ಸಂಜೆಯೊಳಗೆ ಗೊತ್ತಾಗುತ್ತದೆ. ಅಲ್ಲದೆ ಈಗ ಎಲ್ಲಾ ಕಂಪನಿಗಳ ಗಾಡಿಯಲ್ಲೂ ಎಸಿ ಬರುತ್ತದೆ. 2025ರ ಅಕ್ಟೋಬರ್ 1ರಿಂದ ಈಚೆಗೆ ತಯಾರಾದ ಎನ್2, ಎನ್3 ಗಾಡಿಗಳಿಗೆ, ಅಂದರೆ ಒಟ್ಟು ತೂಕ 3.5 ಟನ್ ದಾಟುವ ಸರಕು ಗಾಡಿಗಳಿಗೆಲ್ಲ, ಡ್ರೈವರ್ ಕ್ಯಾಬಿನ್‌ಗೆ ಎಸಿ ಕಡ್ಡಾಯ. 2025ರ ಜನವರಿಯಿಂದಲೇ ಅಂತ ಮೊದಲು ಇತ್ತು, 2023ರ ಡಿಸೆಂಬರ್‌ನಲ್ಲಿ ಕೊನೆಯ ಆದೇಶ ಬಂದಾಗ ಅಕ್ಟೋಬರ್‌ಗೆ ಹೋಯಿತು. ಹಳೆ ಗಾಡಿಗೆ ಈ ರೂಲ್ಸ್ ಇಲ್ಲ. ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳುವವರು ತಯಾರಾದ ತಿಂಗಳು ನೋಡಿಕೊಳ್ಳಿ, ರಿಜಿಸ್ಟ್ರೇಷನ್ ತಿಂಗಳು ನೋಡಿ ಮೋಸಹೋಗಬೇಡಿ.

ಮೊದಲು ಗಾಡಿಯ ವಿಷಯ. ಎಸಿ ಚೆನ್ನಾಗಿದೆ. ಬರೀ ಚೆನ್ನಾಗಿದೆ ಅಂದರೆ ಸಾಲದು, ನಮ್ಮ ಕೆಲಸದಲ್ಲಿ ಇಷ್ಟು ವರ್ಷದಲ್ಲಿ ಬಂದ ಬದಲಾವಣೆಗಳಲ್ಲಿ ಇದೇ ದೊಡ್ಡದು ಅಂತ ನನಗನಿಸುತ್ತದೆ. ನಾನು 2007ರಲ್ಲಿ ಕ್ಲೀನರ್ ಆಗಿ ಗಾಡಿ ಹತ್ತಿದವನು. ಆಗ ಅದಿರಿನ ಕಾಲ, ಬೇಲೆಕೇರಿ ಬಂದರಿಗೆ ಸಾಲುಸಾಲು ಲಾರಿ ಹೋಗುತ್ತಿದ್ದವು, ಎರಡು ಮೂರು ದಿನ ಕಣ್ಣು ಮುಚ್ಚದೆ ಓಡಿಸಿದವರನ್ನು ನೋಡಿದ್ದೇನೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಗಣಿಗಾರಿಕೆ ನಿಲ್ಲಿಸಿದಾಗ ಗಾಡಿಗಳು ನಿಂತಲ್ಲೇ ನಿಂತವು, ನಾವು ಕೆಲಸ ಹುಡುಕಿಕೊಂಡು ಊರೂರು ಹೋದೆವು. ಆಮೇಲೆ ಗಣಿ ಶುರುವಾಯಿತು, ಗಾಡಿ ಹೊಸದಾಯಿತು, ಪವರ್ ಸ್ಟೇರಿಂಗ್ ಬಂತು, ಜಿಪಿಎಸ್ ಬಂತು, ಫಾಸ್ಟ್ಯಾಗ್ ಬಂತು. ಕ್ಯಾಬಿನ್ ಒಳಗಿನ ಬೆಂಕಿ ಮಾತ್ರ ಹಾಗೇ ಇತ್ತು. ಹೊರಗೆ 42 ಇದ್ದರೆ ಒಳಗೆ ಇಂಜಿನ್ ಕಾವು ಸೇರಿ ಎಷ್ಟಾಗುತ್ತದೆ ಅಂತ ಓಡಿಸಿದವರಿಗೇ ಗೊತ್ತು. ಇಂಜಿನ್ ಪಕ್ಕದ ಕಾಲು ಮೊಣಕಾಲಿನವರೆಗೆ ಸುಡುತ್ತದೆ. ಕಿಟಕಿ ತೆಗೆದರೆ ಅದಿರಿನ ಧೂಳು, ಮುಚ್ಚಿದರೆ ಉಸಿರು ಕಟ್ಟುತ್ತದೆ. ಒದ್ದೆ ಟವೆಲ್ ತಲೆಗೆ ಸುತ್ತಿಕೊಂಡು ಓಡಿಸುವುದು, ಅದು ಅರ್ಧ ಗಂಟೆಗೆ ಒಣಗುವುದು, ಮತ್ತೆ ಬಾಟಲಿ ನೀರು ಸುರಿದುಕೊಳ್ಳುವುದು.

ಟವೆಲ್ ಅಂದದ್ದಕ್ಕೆ ಒಂದು ಮಾತು. ನಮ್ಮ ಮನೆಯಲ್ಲಿ ನನ್ನ ಟವೆಲ್ ಯಾವತ್ತೂ ಬೇರೆ ಬಕೆಟ್‌ನಲ್ಲಿ ನೆನೆಯುತ್ತಿತ್ತು. ಮೂರು ಸಲ ನೀರು ಬದಲಾಯಿಸಿದರೂ ನೀರು ಕೆಂಪಗೇ ಬರುತ್ತಿತ್ತು, ಮಕ್ಕಳ ಬಟ್ಟೆ ಜೊತೆ ಹಾಕಿದರೆ ಅದೂ ಹೋಯಿತು. ಹೊಸ ಗಾಡಿ ಹತ್ತಿ ಒಂದು ವಾರ ಆಗಿತ್ತು. ಮನೆಯವಳು ಟವೆಲ್ ತೆಗೆದು ಬೆಳಕಿಗೆ ಹಿಡಿದು ನೋಡಿ, "ಏನ್ರೀ, ಈ ವಾರ ಗಾಡಿ ಹತ್ತಿಲ್ಲೇನು?" ಅಂತ ಕೇಳಿದಳು. ಆಮೇಲೆ ಅವಳೇ ಸುಮ್ಮನಾದಳು. ಹದಿನೆಂಟು ವರ್ಷ ಆ ಕೆಂಪು ನೀರೆಲ್ಲಾ ಟವೆಲ್‌ನಿಂದ ಬಂತು, ಎದೆಯೊಳಗೆ ಎಷ್ಟು ಹೋಗಿರಬಹುದು ಅಂತ ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ.

ನನ್ನ ಪ್ರಕಾರ ತಂಪಿಗಿಂತ ದೊಡ್ಡ ಲಾಭ ಇದು. ಕಿಟಕಿ ಮುಚ್ಚಿಕೊಂಡು ಓಡಿಸಬಹುದು. ಮುಂದಿನ ಗಾಡಿಯ ಧೂಳು ಗಾಜಿನ ಆಚೆಯೇ ಉಳಿಯುತ್ತದೆ. ರಾತ್ರಿ ಕೆಮ್ಮು ಕಮ್ಮಿಯಾಗಿದೆ. ಇನ್ನೊಂದು, ನೀರು. ನಮ್ಮಲ್ಲಿ ಎಷ್ಟೋ ಜನ ಡ್ರೈವರ್‌ಗಳು ದಾರಿಯಲ್ಲಿ ಮೂತ್ರಕ್ಕೆ ನಿಲ್ಲಿಸಲು ಜಾಗ ಇರಲ್ಲ ಅಂತ ನೀರೇ ಕುಡಿಯುವುದಿಲ್ಲ. ಅಷ್ಟು ಬೆವರು, ಮೇಲೆ ನೀರಿಲ್ಲ, ಕೊನೆಗೆ ಕಿಡ್ನಿಯಲ್ಲಿ ಕಲ್ಲು. ನನಗೂ ಎರಡು ಸಲ ಆಗಿದೆ, ಆ ನೋವು ಶತ್ರುವಿಗೂ ಬೇಡ. ಈ ಬೇಸಿಗೆ ಆ ತೊಂದರೆ ಬರಲಿಲ್ಲ. ಮಧ್ಯಾಹ್ನ ಎರಡು ಗಂಟೆಯ ಹೊತ್ತಿಗೆ ತಲೆ ಭಾರ ಆಗಿ ಕಣ್ಣು ಎಳೆಯುತ್ತಿತ್ತಲ್ಲ, ಅದೂ ತುಂಬಾ ಕಮ್ಮಿಯಾಗಿದೆ. ಮೂವತ್ತು ಟನ್ ಹತ್ತಿರ ತೂಕ ಇಟ್ಟುಕೊಂಡು ಘಾಟಿ ಇಳಿಯುವವನಿಗೆ ಕಣ್ಣು ತೆರೆದಿರುವುದು ಎಷ್ಟು ಮುಖ್ಯ ಅಂತ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ.

ಕೊರತೆಗಳೂ ಇವೆ. ಹಿಂದಿನ ಮಲಗುವ ಸೀಟಿನವರೆಗೆ ತಂಪು ಸರಿಯಾಗಿ ಹೋಗುವುದಿಲ್ಲ, ಮುಂದೆ ಕೂತವನಿಗೆ ಮಾತ್ರ ಸುಖ. ಲೋಡ್ ಇದ್ದಾಗ ಏರಿನಲ್ಲಿ ಎಸಿ ಹಾಕಿದರೆ ಗಾಡಿ ಎಳೆಯುವುದು ಸ್ವಲ್ಪ ಕಮ್ಮಿ ಅನಿಸುತ್ತದೆ, ಕಂಪ್ರೆಸರ್ ಇಂಜಿನ್ ಬೆಲ್ಟ್‌ನಿಂದಲೇ ಓಡುವುದಲ್ವಾ. ನಾನು ಏರು ಬಂದಾಗ ಆಫ್ ಮಾಡಿ ಮೇಲೆ ಹೋಗಿ ಆನ್ ಮಾಡುತ್ತೇನೆ. ಗಣಿಯ ಕಚ್ಚಾ ರಸ್ತೆಯಲ್ಲಿ ಕುಲುಕಿ ಕುಲುಕಿ ಏಪ್ರಿಲ್‌ನಲ್ಲಿ ಒಂದು ಸಲ ಪೈಪ್ ಜಾಯಿಂಟ್ ಸಡಿಲಾಗಿ ಗ್ಯಾಸ್ ಹೋಯಿತು. ವಾರಂಟಿಯಲ್ಲಿ ಮಾಡಿಕೊಟ್ಟರು, ಆದರೆ ಗಾಡಿ ಎರಡು ದಿನ ನಿಂತಿತು, ಆ ಎರಡು ದಿನದ ಬತ್ತಾ, ಅಂದರೆ ಟ್ರಿಪ್‌ಗೆ ಸಿಗುವ ಭತ್ಯೆ, ನನ್ನದು ಹೋಯಿತು.

ಫಿಲ್ಟರ್ ಬಗ್ಗೆ ಮಾತ್ರ ಗಮನ ಕೊಡಿ. ಕ್ಯಾಬಿನ್ ಫಿಲ್ಟರ್ ಡ್ಯಾಶ್‌ಬೋರ್ಡ್ ಕೆಳಗೆ ಎಡಗಡೆ ಇದೆ, ಎರಡು ಕ್ಲಿಪ್ ಒತ್ತಿದರೆ ಬರುತ್ತದೆ. ಮೂರನೇ ವಾರಕ್ಕೆ ಗಾಳಿ ಕಮ್ಮಿಯಾಯಿತು ಅಂತ ತೆಗೆದು ನೋಡಿದೆ. ಬಿಳಿ ಇದ್ದದ್ದು ಇಟ್ಟಿಗೆ ಬಣ್ಣ ಆಗಿತ್ತು. ಟೈರ್‌ಗೆ ಬಡಿದರೆ ಕುಂಕುಮ ಉದುರಿದ ಹಾಗೆ ನೆಲದ ಮೇಲೆ ಗುಡ್ಡೆ ಬಿತ್ತು. ಸರ್ವೀಸ್ ಪುಸ್ತಕದ ಲೆಕ್ಕ ಹೆದ್ದಾರಿಯಲ್ಲಿ ಓಡುವ ಗಾಡಿಗೆ ಸರಿ, ನಮಗೆ ಅಲ್ಲ. ವಾರಕ್ಕೊಂದು ಸಲ ಪಂಕ್ಚರ್ ಅಂಗಡಿಯಲ್ಲಿ ಗಾಳಿ ಹೊಡೆಸಿ, ಎರಡು ತಿಂಗಳಿಗೊಮ್ಮೆ ಬದಲಾಯಿಸಿ. ಮುಂದಿನ ಜಾಲಿಯ ಹಿಂದೆ ಇರುವ ಕಂಡೆನ್ಸರ್‌ಗೂ ಅಷ್ಟೇ, ಆದರೆ ಗಾಳಿ ಹತ್ತಿರದಿಂದ ಜೋರಾಗಿ ಬಿಟ್ಟರೆ ಅದರ ತೆಳು ಪದರ ಮಡಚಿಹೋಗುತ್ತದೆ, ದೂರದಿಂದ ಬಿಡಿ. ಹೊಸ ಫಿಲ್ಟರ್ ದುಡ್ಡು ಯಾರು ಕೊಡಬೇಕು ಅಂತ ನಮ್ಮ ಆಫೀಸಿನಲ್ಲಿ ಜಗಳ ಆಯಿತು. "ಗಾಳಿ ಕುಡಿಯೋನು ನೀನು, ನೀನೇ ಹಾಕಿಸ್ಕೋ" ಅಂದರು ಸೂಪರ್‌ವೈಸರ್. ಗಾಡಿಯ ಸಾಮಾನು ಗಾಡಿಯ ಖರ್ಚು, ಇದು ನನ್ನ ನೇರ ಅಭಿಪ್ರಾಯ. ಆಯಿಲ್ ಫಿಲ್ಟರ್ ಡ್ರೈವರ್ ಹಾಕಿಸುತ್ತಾನಾ?

ಇನ್ನೆರಡು ಎಚ್ಚರಿಕೆ. ಗಣಿಯೊಳಗೆ ಲೋಡಿಂಗ್ ಜಾಗದಲ್ಲಿ ಕಿಟಕಿ ಇಳಿಸಿಕೊಳ್ಳಿ, ಲೋಡರ್ ಹಾರ್ನ್, ಕೈ ತೋರಿಸುವವನ ಕೂಗು ಗಾಜು ಮುಚ್ಚಿದ್ದರೆ ಕೇಳುವುದಿಲ್ಲ. ಮತ್ತೆ, ಇಂಜಿನ್ ಆನ್ ಇಟ್ಟು ಎಸಿ ಹಾಕಿಕೊಂಡು ನಿದ್ದೆ ಮಾಡಬೇಡಿ. ಸೈಲೆನ್ಸರ್ ಪೈಪ್ ಎಲ್ಲಾದರೂ ಸೋರುತ್ತಿದ್ದರೆ ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಅನ್ನೋ ವಿಷದ ಗಾಳಿಗೆ ವಾಸನೆ ಇರುವುದಿಲ್ಲ, ಮಲಗಿದವನು ಏಳುವುದಿಲ್ಲ. ಒಂದು ಕಡೆ ಗಾಜು ಎರಡು ಬೆರಳು ಬಿಟ್ಟರೂ ಅಪಾಯ ಪೂರ್ತಿ ತಪ್ಪುವುದಿಲ್ಲ. ಶೆಡ್ ಒಳಗೆ ನಿಲ್ಲಿಸಿದ್ದರೆ ಮಲಗಲೇಬೇಡಿ.

ಈಗ ನಾನು ನಿಜವಾಗಿ ಬರೆಯಬೇಕು ಅಂದುಕೊಂಡಿದ್ದ ವಿಷಯಕ್ಕೆ ಬರುತ್ತೇನೆ. ಡೀಸೆಲ್.

ನಮ್ಮಲ್ಲಿ ಲೆಕ್ಕ ಹೀಗೆ. ತಿಂಗಳಿಗೆ 18,000 ಸಂಬಳ, ಟ್ರಿಪ್‌ಗೆ 300 ರೂಪಾಯಿ ಬತ್ತಾ. ಒಂದು ಟ್ರಿಪ್‌ಗೆ 38 ಲೀಟರ್ ಡೀಸೆಲ್ ಅಂತ ಫಿಕ್ಸ್. ಅದಕ್ಕಿಂತ ಜಾಸ್ತಿ ಕುಡಿದರೆ ಲೀಟರಿಗೆ 90 ರೂಪಾಯಿಯ ಹಾಗೆ ಡ್ರೈವರ್ ಲೆಕ್ಕದಲ್ಲಿ ಕಟ್. ಈ 38 ಯಾರು ಮಾಡಿದ್ದು? ಹಳೆ ಗಾಡಿ ಇದ್ದಾಗ ಮಾಡಿದ್ದು. ಎಸಿ ಇಲ್ಲದ ಗಾಡಿಗೆ ಹಾಕಿದ ಲೆಕ್ಕವನ್ನೇ ಎಸಿ ಗಾಡಿಗೂ ಎಳೆದುಕೊಂಡು ಬಂದರು. ಫೆಬ್ರವರಿ ಕೊನೆಗೆ ಸಂಬಳ ಕೊಡುವಾಗಲೇ ಸೂಪರ್‌ವೈಸರ್ ರಿಜಿಸ್ಟರ್ ತಿರುಗಿಸಿ ತೋರಿಸಿ, "ಆವರೇಜ್ ಬೀಳ್ತಾ ಇದೆ ನೋಡಪ್ಪಾ" ಅಂದರು. ಆಗಲೇ ನನಗೆ ಅರ್ಥ ಆಯಿತು, ಮುಂದೆ ಬೇಸಿಗೆ ಇದೆ, ಇದು ಇಲ್ಲಿಗೆ ನಿಲ್ಲುವುದಿಲ್ಲ ಅಂತ. ಮಗಳ ಹತ್ತಿರ ಒಂದು ಇನ್ನೂರು ಪೇಜಿನ ನೋಟ್‌ಬುಕ್ ಇಸಿದುಕೊಂಡೆ.

ಮಾರ್ಚ್‌ನಲ್ಲಿ 20 ಟ್ರಿಪ್ ಆಯಿತು. ಹತ್ತು ಟ್ರಿಪ್ ಎಸಿ ಮುಟ್ಟಲಿಲ್ಲ. ಹತ್ತು ಟ್ರಿಪ್ ಓಡುವಾಗ ಮಾತ್ರ ಎಸಿ ಹಾಕಿದೆ, ನಿಂತಾಗ ಇಂಜಿನ್ನೇ ಬಂದ್. ಎಸಿ ಇಲ್ಲದ ಹತ್ತಕ್ಕೆ 381 ಲೀಟರ್, ಎಸಿ ಹಾಕಿದ ಹತ್ತಕ್ಕೆ 399 ಲೀಟರ್. ಅಂದರೆ ಟ್ರಿಪ್‌ಗೆ ಎರಡು ಲೀಟರ್ ಕೂಡ ಪೂರ್ತಿ ಇಲ್ಲ. ಎಸಿ ಡೀಸೆಲ್ ಕುಡಿಯುತ್ತೆ ಕುಡಿಯುತ್ತೆ ಅಂತ ಎಲ್ಲರೂ ಬಾಯಿ ಬಡಿದುಕೊಳ್ಳುವುದು ಇಷ್ಟಕ್ಕೆ! ಆ ತಿಂಗಳು 20 ಲೀಟರ್ ಜಾಸ್ತಿ ಆಯಿತು ಅಂತ 1,800 ಕಟ್ ಆಯಿತು, ಹೋಗಲಿ ಅಂತ ಸುಮ್ಮನಿದ್ದೆ. ಲೆಕ್ಕ ಕೈಗೆ ಸಿಕ್ಕಿತಲ್ಲ.

ಏಪ್ರಿಲ್‌ನಲ್ಲಿ ಹಾಗೆ ಮಾಡಲು ಆಗಲಿಲ್ಲ. ಕಾರಣ, ಪಾಳಿ, ಅಂದರೆ ಅದಿರು ಇಳಿಸಲು ಸಾಲಿನಲ್ಲಿ ಕಾಯುವುದು. ಫ್ಯಾಕ್ಟರಿ ಗೇಟಿನ ಹೊರಗೆ ಯಾರ್ಡ್ ಇದೆ. ಚೀಟಿ ಮಾಡಿಸಿ, ನಂಬರ್ ತಗೊಂಡು, ಗಾಡಿ ಸಾಲಿನಲ್ಲಿ ನಿಲ್ಲಿಸಬೇಕು. ಗಾಡಿ ಬಿಟ್ಟು ಹೋಗುವ ಹಾಗಿಲ್ಲ, ಹತ್ತು ನಿಮಿಷಕ್ಕೋ ಅರ್ಧ ಗಂಟೆಗೋ ಒಂದು ಗಾಡಿಯಷ್ಟು ಜರುಗುತ್ತದೆ, ನಾವು ಇಲ್ಲ ಅಂದರೆ ಹಿಂದಿನವನು ಮುಂದೆ ಹೋಗುತ್ತಾನೆ. ಮರ ಅನ್ನೋದು ಒಂದೂ ಇಲ್ಲ. ತಗಡಿನ ಶೆಡ್ ಒಂದಿದೆ, ಅದರ ಕೆಳಗೆ ಕೂರುವುದಕ್ಕಿಂತ ಬಿಸಿಲೇ ವಾಸಿ. ಟಾಯ್ಲೆಟ್‌ಗೆ ಬೀಗ. ಕುಡಿಯುವ ನೀರಿನ ಟ್ಯಾಂಕ್ ನಲ್ಲಿಯಿಂದ ಬರುವ ನೀರಲ್ಲಿ ಚಹಾ ಪುಡಿ ಹಾಕಿಕೊಳ್ಳಬಹುದು, ಅಷ್ಟು ಬಿಸಿ. ಮಧ್ಯಾಹ್ನ ಹನ್ನೊಂದರಿಂದ ನಾಲ್ಕರವರೆಗೆ ಆ ಸಾಲಿನಲ್ಲಿ ಇಂಜಿನ್ ಬಂದ್ ಮಾಡಿ ಕೂರುವುದು ಅಂದರೆ ಕಾದ ತವೆಯ ಮೇಲೆ ಕೂತ ಹಾಗೆ. ಎಸಿ ಬೇಕು ಅಂದರೆ ಇಂಜಿನ್ ಓಡಲೇಬೇಕು, ಇಂಜಿನ್ ಬಂದ್ ಆದ ಮೇಲೂ ನಡೆಯುವ ಬ್ಯಾಟರಿ ಎಸಿ ನಮ್ಮ ಗಾಡಿಯಲ್ಲಿಲ್ಲ. ನಿಂತ ಗಾಡಿಯಲ್ಲಿ ಎಸಿ ಹಾಕಿದರೆ ನಾನು ನೋಡಿದ ಹಾಗೆ ಗಂಟೆಗೆ ಎರಡು ಲೀಟರ್.

ಆ ತಿಂಗಳೂ 20 ಟ್ರಿಪ್. ಪ್ರತಿ ಟ್ರಿಪ್‌ಗೆ ಯಾರ್ಡ್‌ಗೆ ಬಂದ ಟೈಮು, ಕಾಟಾ, ಅಂದರೆ ಗಾಡಿ ತೂಗುವ ವೇಬ್ರಿಡ್ಜ್, ಹತ್ತಿದ ಟೈಮು ಬರೆದೆ. ತಿಂಗಳ ಕೊನೆಗೆ ಕೂಡಿಸಿದರೆ ಬರೀ ಕಾಯ್ದದ್ದು 88 ಗಂಟೆ. ನಾನು ಎರಡು ಸಲ ಕೂಡಿಸಿದೆ. 88 ಗಂಟೆ ಅಂದರೆ ದಿನಕ್ಕೆ ಎಂಟು ಗಂಟೆಯ ಹಾಗೆ ಹನ್ನೊಂದು ದಿನದ ದುಡಿಮೆ. ಅದರಲ್ಲಿ ಸುಡು ಮಧ್ಯಾಹ್ನದ 30 ಗಂಟೆ ಮಾತ್ರ ಎಸಿ ಹಾಕಿದ್ದೆ. ಅದಕ್ಕೆ 60 ಲೀಟರ್, ಓಡುವಾಗಿನದು 36 ಲೀಟರ್, ಒಟ್ಟು 96 ಜಾಸ್ತಿ. 8,640 ರೂಪಾಯಿ ಕಟ್. ಬತ್ತಾ 6,000 ಪೂರ್ತಿ ಹೋಗಿ, ಮೇಲೆ ಸಂಬಳದಲ್ಲೂ 2,640 ಹೋಯಿತು.

ಆ ದಿನ ರಾತ್ರಿ ನೋಟ್‌ಬುಕ್ ಮುಂದೆ ಇಟ್ಟುಕೊಂಡು ಕೂತಾಗ ನನಗೆ ಒಂದು ವಿಷಯ ಹೊಳೆಯಿತು, ಇದನ್ನು ಎಲ್ಲಾ ಡ್ರೈವರ್‌ಗಳೂ ಯೋಚನೆ ಮಾಡಬೇಕು. ಈ 88 ಗಂಟೆ ಹೊಸದಾ? ಅಲ್ಲ. ಹೋದ ವರ್ಷವೂ ಇತ್ತು, ಹತ್ತು ವರ್ಷದ ಹಿಂದೆಯೂ ಇತ್ತು. ಆಗ ಇಂಜಿನ್ ಬಂದ್ ಮಾಡಿ, ಗಾಡಿ ಕೆಳಗೆ ಚೀಲ ಹಾಸಿಕೊಂಡು ನಾವು ಬೆಂದೆವು. ಬೆಂದದ್ದಕ್ಕೆ ಯಾವ ರಿಜಿಸ್ಟರ್‌ನಲ್ಲೂ ಕಾಲಂ ಇರಲಿಲ್ಲ. ಫ್ಯಾಕ್ಟರಿಗೆ ಖರ್ಚಿಲ್ಲ, ಮಾಲೀಕರಿಗೆ ಖರ್ಚಿಲ್ಲ. ಈಗ ಎಸಿ ಬಂದು, ಡ್ರೈವರ್ ಕಾಯುವ ಒಂದೊಂದು ಗಂಟೆಯೂ ಎರಡು ಲೀಟರ್ ಅಂತ ಡೀಸೆಲ್ ಲೆಕ್ಕದಲ್ಲಿ ಮೊದಲ ಸಲ ಕಾಣಿಸಿಕೊಂಡಿದೆ. ಕಂಡ ತಕ್ಷಣ ಅದನ್ನು ನಮ್ಮ ಬತ್ತಾದಲ್ಲಿ ಹಿಡಿದರು. ಪಾಳಿ ಮಾಡಿದ್ದು ನಾವಲ್ಲ. ಎಸಿಯೂ ಅಲ್ಲ.

ನಾನೊಬ್ಬನೇ ಮಾಲೀಕರ ಹತ್ತಿರ ಹೋಗಿ ಟ್ರಿಪ್‌ಗೆ ಐದು ಲೀಟರ್ ಡೀಸೆಲ್ ಜಾಸ್ತಿ ಕೇಳಿದರೆ ಆಗುವುದಿಲ್ಲ ಅಂತ ಗೊತ್ತಿತ್ತು. ನಮ್ಮಲ್ಲಿ ಹೊಸ ಗಾಡಿ ಓಡಿಸುವವರು ಏಳು ಜನ, ಏಳೂ ಜನ ಒಟ್ಟಿಗೆ ಹೋದೆವು. ಇಬ್ಬರು ಹೆದರಿದ್ದರು. 2024ರ ಜನವರಿ ನೆನಪು ಮಾಡಿದೆ. ಅಪಘಾತ ಮಾಡಿ ತಿಳಿಸದೆ ಓಡಿದರೆ 10 ವರ್ಷದವರೆಗೆ ಜೈಲು ಅನ್ನೋ ಹೊಸ ಕಲಂ ವಿರುದ್ಧ ದೇಶದಲ್ಲೆಲ್ಲ ಡ್ರೈವರ್‌ಗಳು ಸ್ಟೇರಿಂಗ್ ಬಿಟ್ಟು ಕೆಳಗಿಳಿದಿದ್ದರು, ಎರಡೇ ದಿನದಲ್ಲಿ ಸರ್ಕಾರ ಮಾತಿಗೆ ಬಂತು, ಆ ವರ್ಷ ಜುಲೈ 1ಕ್ಕೆ ಭಾರತೀಯ ನ್ಯಾಯ ಸಂಹಿತೆ ಜಾರಿಯಾದಾಗ ಆ 106(2) ಒಂದನ್ನು ಮಾತ್ರ ತಡೆಹಿಡಿದರು. ಅಷ್ಟು ದೊಡ್ಡದು ಆಗಿದೆ, ಐದು ಲೀಟರ್ ಡೀಸೆಲ್ ಆಗಲ್ವಾ ಅಂದೆ.

ಮಾಲೀಕರು ಕೆಟ್ಟವರಲ್ಲ, ಅದನ್ನೂ ಹೇಳಬೇಕು. ಅವರಿಗೂ ಗಾಡಿಯ ಕಂತು ಇದೆ, ಟನ್ ಬಾಡಿಗೆ ಅವರ ಕೈಯಲ್ಲಿಲ್ಲ, ಡೀಸೆಲ್ ಮೇಲಿನ ರಾಜ್ಯದ ತೆರಿಗೆ 2025ರ ಏಪ್ರಿಲ್‌ನಲ್ಲಿ ಏರಿದಾಗ ಲಾರಿ ಮಾಲೀಕರೇ ಮುಷ್ಕರ ಮಾಡಿದ್ದರು. ಆದರೆ ಮೊದಲ ಮಾತು ಅದೇ ಬಂತು. "ಇಷ್ಟು ವರ್ಷ ಎಸಿ ಇಲ್ದೇನ ಓಡ್ಸಿಲ್ಲೇನ್ರಪ್ಪಾ?"

ನಮ್ಮಲ್ಲಿ ಹಿರಿಯರೊಬ್ಬರಿದ್ದಾರೆ, ನಾವೆಲ್ಲ ಮಾವ ಅಂತಲೇ ಕರೆಯುವುದು. ಅವರು ಜಾಸ್ತಿ ಮಾತಾಡುವವರಲ್ಲ. "ಓಡ್ಸೀವಿ ಸಾವ್ಕಾರ್ರೇ. ಓಡ್ಸಿದ್ದಕ್ಕ ಹೀಂಗಾಗೀವಿ" ಅಂತ ಅಂಗಿಯ ತೋಳು ಮೇಲೆ ಮಾಡಿ ಬಲಗೈ ತೋರಿಸಿದರು. ಕಿಟಕಿ ಕಡೆಯ ಕೈ. ಎಡಗೈಗೂ ಅದಕ್ಕೂ ಬಣ್ಣವೇ ಬೇರೆ, ಚರ್ಮ ಒಣಗಿದ ಕೆರೆಯ ನೆಲದ ಹಾಗೆ ಬಿರಿದಿದೆ. ಯಾರೂ ಮಾತಾಡಲಿಲ್ಲ ಸ್ವಲ್ಪ ಹೊತ್ತು. ಆಮೇಲೆ ನಾನು ನೋಟ್‌ಬುಕ್ ಇಟ್ಟೆ.

ಮಾಲೀಕರು ಪುಟ ತಿರುಗಿಸಿ ನೋಡಿದರು, ನಂಬಲಿಲ್ಲ. ಜಿಪಿಎಸ್ ತೆಗೆಸಿದರು. ಯಾರ್ಡ್‌ನಲ್ಲಿ ಗಾಡಿ ನಿಂತ ಟೈಮು ನನ್ನ ಬರಹಕ್ಕೆ ಸರಿಯಾಗಿ ಹೊಂದಿತು. ಡ್ರೈವರ್‌ಗಳೇ, ಇದನ್ನು ನೆನಪಿಡಿ. ಜಿಪಿಎಸ್ ನಮ್ಮನ್ನು ಹಿಡಿಯಲು ಹಾಕಿದ್ದು ಅಂತ ನಾವು ಬೈಯುತ್ತೇವೆ, ಆದರೆ ನಾವು ಎಷ್ಟು ಹೊತ್ತು ಕಾಯ್ದೆವು ಅನ್ನೋದಕ್ಕೆ ಅದೇ ಸಾಕ್ಷಿ. ಆದರೂ ಅವರ ಮನಸ್ಸು ಒಪ್ಪಲಿಲ್ಲ, ಮಗನನ್ನು ಒಂದು ಟ್ರಿಪ್ ನನ್ನ ಜೊತೆ ಕಳಿಸಿದರು. ಚಿಕ್ಕ ಸಾವ್ಕಾರ್ರು, ಇಪ್ಪತ್ತೈದು ವರ್ಷ ಇರಬಹುದು, ಮೇ ತಿಂಗಳ ಮೊದಲ ವಾರ. ಯಾರ್ಡ್ ಮುಟ್ಟಿದ್ದು ಹನ್ನೊಂದೂ ಕಾಲು. ನಾನೇ ಹೇಳಿದೆ, ಲೆಕ್ಕ ಸರಿಯಾಗಿ ಗೊತ್ತಾಗಲಿ, ಮೊದಲು ಬಂದ್ ಮಾಡಿ ಕೂರೋಣ ಅಂತ. ಹತ್ತು ನಿಮಿಷಕ್ಕೆ ಅವರ ಅಂಗಿ ಬೆನ್ನಿಗೆ ಅಂಟಿತು. ಕೆಳಗಿಳಿದು ಶೆಡ್‌ಗೆ ಹೋದರು, ವಾಪಸ್ ಬಂದರು. ನೀರು ಕುಡಿಯಲು ಹೋದರು, ಬಾಯಿಗೆ ಹಾಕಿ ಉಗುಳಿ ಬಂದರು. ಅರ್ಧ ಗಂಟೆ ಆಗಿರಬೇಕು, "ಅಣ್ಣಾ, ಎಸಿ ಹಾಕಣ್ಣ" ಅಂದರು. ಹಾಕಿದೆ. ಆ ದಿನ ನಮ್ಮ ಗಾಡಿ ಕಾಟಾ ಹತ್ತಿದ್ದು ನಾಲ್ಕೂ ಹತ್ತಕ್ಕೆ. ಅವರು ಮೊಬೈಲ್‌ನಲ್ಲಿ ಟೈಮು ಬರೆದುಕೊಂಡರು, ನಾನು ನೋಟ್‌ಬುಕ್‌ನಲ್ಲಿ ಬರೆದೆ.

ಮರುದಿನ ತೀರ್ಮಾನ ಆಯಿತು. ಓಡುವಾಗಿನ ಎಸಿಗೆ ಟ್ರಿಪ್‌ಗೆ ಎರಡು ಲೀಟರ್, ಪಾಳಿಗೆ ಮೂರು ಲೀಟರ್, ಒಟ್ಟು 43. ಜೂನ್ ಕೊನೆವರೆಗೆ. ಏಪ್ರಿಲ್‌ನಲ್ಲಿ ಕಟ್ ಮಾಡಿದ್ದರಲ್ಲಿ ಅರ್ಧ, 4,320, ವಾಪಸ್ ಕೊಟ್ಟರು. ಉಳಿದ ಅರ್ಧ ಹೋಯಿತು. ಪೂರ್ತಿ ಕೇಳಬೇಕಿತ್ತು ಅಂತ ಈಗಲೂ ಅನಿಸುತ್ತದೆ. ಪಾಳಿಯಲ್ಲಿ ಕಾಯುವ ಹೊತ್ತಿಗೆ ಕೂಲಿ ಕೇಳಿದೆವು, ಅದಕ್ಕೆ ಮಾತ್ರ ತಲೆ ಅಲ್ಲಾಡಿಸಿದರು. ಫ್ಯಾಕ್ಟರಿಯವರು ನಮಗೆ ಕೊಡಲ್ಲ, ನಾವು ನಿಮಗೆ ಎಲ್ಲಿಂದ ಕೊಡೋಣ ಅಂದರು. ಆ ಮಾತಿನಲ್ಲಿ ಸುಳ್ಳಿಲ್ಲ, ಆದರೆ ನ್ಯಾಯವೂ ಇಲ್ಲ. 1961ರಲ್ಲಿ ಬಂದ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲೇ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ, ಮೇಲೆ ದುಡಿದರೆ ಎರಡರಷ್ಟು ಕೂಲಿ ಅಂತ ಇತ್ತು. ಗಾಡಿ ಸಾಲಿನಲ್ಲಿ ಜರುಗಿಸುತ್ತಾ ಕೂತದ್ದು ಕೆಲಸ ಅಲ್ಲದೆ ಇನ್ನೇನು?

ಬೇರೆ ಕಡೆ ಏನಾಗುತ್ತಿದೆ ಅಂತ ಕೇಳಿದರೆ ಹೊಟ್ಟೆ ಉರಿಯುತ್ತದೆ. ನನಗೆ ಪರಿಚಯದ ಇಬ್ಬರ ಗಾಡಿಯಲ್ಲಿ ಕಂಪ್ರೆಸರ್ ಬೆಲ್ಟೇ ತೆಗೆಸಿದ್ದಾರೆ. ಶೋರೂಮ್‌ನಿಂದ ತಂದ ವಾರಕ್ಕೇ. ಡ್ಯಾಶ್‌ಬೋರ್ಡ್‌ನಲ್ಲಿ ಎಸಿ ಬಟನ್ ಇದೆ, ಒತ್ತಿದರೆ ಬಿಸಿ ಗಾಳಿ ಬರುತ್ತದೆ. ಎಸಿ ಗಾಡಿ ಅಂತ ಕಿಟಕಿ ಕಡೆ ಮೊದಲಿದ್ದ ಫ್ಯಾನ್ ಕೂಡ ಇಲ್ಲ. ಸರ್ಕಾರ ಕಡ್ಡಾಯ ಮಾಡಿದ್ದನ್ನು ಒಂದು ಹದಿನೇಳು ನಂಬರ್ ಸ್ಪ್ಯಾನರ್‌ನಲ್ಲಿ ಬಿಚ್ಚಿಟ್ಟರು. ಕೇಳಿದರೆ ಕೆಲಸ ಬಿಡು ಅನ್ನುತ್ತಾರೆ.

ಕೆಲಸ ಬಿಡುವುದೂ ಸುಲಭ ಇಲ್ಲ, ಅದು ನನ್ನ ಅನುಭವ. ಇದಕ್ಕಿಂತ ಹಿಂದೆ ನಾನಿದ್ದ ಕಡೆ ಬಿಡುತ್ತೇನೆ ಅಂದಾಗ ನನ್ನ ಲೈಸೆನ್ಸ್ ಇಟ್ಟುಕೊಂಡಿದ್ದರು, ಎರಡು ತಿಂಗಳ ಸಂಬಳವೂ ಬಾಕಿ. ಟೈರ್ ಒಡೆದಿದ್ದು ನಿನ್ನಿಂದ ಅಂದರು. ಯಾರೋ ಹೇಳಿದರು ಅಂತ 15100ಕ್ಕೆ ಫೋನ್ ಮಾಡಿದೆ. ಅದು ಕಾನೂನು ಸೇವಾ ಪ್ರಾಧಿಕಾರದ ನಂಬರ್, ದುಡ್ಡು ಕೊಡಬೇಕಾಗಿಲ್ಲ. ಕೋರ್ಟ್ ಆವರಣದಲ್ಲೇ ಅವರ ಆಫೀಸ್ ಇರುತ್ತದೆ. ಅರ್ಜಿ ಬರೆಸಿಕೊಂಡು ಇಬ್ಬರನ್ನೂ ಕರೆಸಿದರು. ಎರಡನೇ ಸಲ ಕರೆಸಿದಾಗ ಲೈಸೆನ್ಸ್ ಟೇಬಲ್ ಮೇಲೆ ಬಂತು, ಸಂಬಳ ಎರಡು ಕಂತಿನಲ್ಲಿ ಬಂತು. ಅಲ್ಲಿನ ವಕೀಲರು ಹೇಳಿದ್ದು ಇವತ್ತಿಗೂ ಉಪಯೋಗಕ್ಕೆ ಬರುತ್ತಿದೆ: ನಷ್ಟ ಆಯಿತು ಅಂತ ಸಂಬಳ ಹಿಡಿಯುವ ಮುಂಚೆ ಕೆಲಸಗಾರನ ಮಾತು ಕೇಳಲೇಬೇಕು, ಎಲ್ಲಾ ಕಡಿತ ಸೇರಿ ಸಂಬಳದ ಅರ್ಧ ದಾಟಬಾರದು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯಲ್ಲೂ ಇದು ಇದೆ. ಅದರಲ್ಲಿ ಕೆಲಸ ಬಿಟ್ಟವನಿಗೆ ಎರಡು ಕೆಲಸದ ದಿನದೊಳಗೆ ಬಾಕಿ ಸಂಬಳ ಕೊಡಬೇಕು ಅಂತಲೂ ಇದೆ, ಬಾಕಿ ಕೇಳಿ ಅರ್ಜಿ ಹಾಕಲು ಮೂರು ವರ್ಷ ಟೈಮಿದೆ. ಇದೆಲ್ಲಾ ಆಗಬೇಕು ಅಂದರೆ ಕೈಯಲ್ಲಿ ಕಾಗದ ಇರಬೇಕು. ಟ್ರಿಪ್ ಶೀಟ್, ಕಾಟಾ ಚೀಟಿ, ಡೀಸೆಲ್ ಚೀಟಿ, ಎಲ್ಲದರದ್ದೂ ಅವತ್ತವತ್ತೇ ಫೋಟೋ ತೆಗೆದಿಡಿ.

ಗಾಡಿ ತಗೊಳ್ಳುವ ಮಾಲೀಕರಿಗೆ ನನ್ನ ಮಾತು: ಎಸಿ ಗಾಡಿ ಧೈರ್ಯವಾಗಿ ತಗೊಳ್ಳಿ. ಓಡುವಾಗ ಟ್ರಿಪ್‌ಗೆ ಎರಡು ಲೀಟರ್, ಅದಕ್ಕಿಂತ ಜಾಸ್ತಿ ಹೋದರೆ ಡ್ರೈವರ್‌ನನ್ನು ಕೇಳುವ ಮುಂಚೆ ಜಿಪಿಎಸ್‌ನಲ್ಲಿ ಗಾಡಿ ಎಲ್ಲಿ ಎಷ್ಟು ಹೊತ್ತು ನಿಂತಿತ್ತು ಅಂತ ನೋಡಿ. ಗಾಡಿ ಕೈಗೆ ಬಂದ ದಿನವೇ ಡೀಸೆಲ್ ಲೆಕ್ಕ ಹೊಸದಾಗಿ ಮಾಡಿ, ಡ್ರೈವರ್‌ನ ಎದುರಿಗೆ ಮಾಡಿ. ಡ್ರೈವರ್‌ಗಳಿಗೆ: ಕೆಲಸಕ್ಕೆ ಸೇರುವಾಗ ಸಂಬಳ ಎಷ್ಟು, ಬತ್ತಾ ಎಷ್ಟು ಅಂತ ಮಾತ್ರ ಕೇಳುತ್ತೇವೆ. ಪಾಳಿಗೆ ಎಷ್ಟು ಲೀಟರ್ ಅಂತಲೂ ಕೇಳಿ.

ಎಸಿಗೆ ಐದಕ್ಕೆ ನಾಲ್ಕು ಸ್ಟಾರ್. ಹಿಂದಿನ ಸೀಟಿಗೆ ಗಾಳಿ ಬರದ್ದಕ್ಕೆ, ಪೈಪ್ ಜಾಯಿಂಟ್‌ಗೆ ಒಂದು ಕಡಿಮೆ.

ಇದನ್ನು ಬರೆಯುತ್ತಿರುವಾಗ ಜುಲೈ. ಮಳೆ ಶುರುವಾಗಿದೆ, ಸಂಡೂರು ಘಾಟಿಯಲ್ಲಿ ಬೆಳಗಿನ ಜಾವ ಮುಂದಿನ ಗಾಜಿಗೆ ಒಳಗಿನಿಂದ ಮಂಜು ಕಟ್ಟುತ್ತಿದೆ. ಮೊದಲು ಒಂದು ಕೈಯಲ್ಲಿ ಸ್ಟೇರಿಂಗ್ ಹಿಡಿದು ಇನ್ನೊಂದು ಕೈಯಲ್ಲಿ ಬಟ್ಟೆಯಿಂದ ಒರೆಸುತ್ತಿದ್ದೆವು. ಈಗ ಎಸಿ ಗಾಳಿ ಗಾಜಿನ ಕಡೆ ತಿರುಗಿಸಿದರೆ ಒಂದು ನಿಮಿಷದಲ್ಲಿ ದಾರಿ ಕಾಣುತ್ತದೆ. ಆದರೆ ಜೂನ್ ಮುಗಿಯಿತು, ಡೀಸೆಲ್ ಮತ್ತೆ 38ಕ್ಕೆ ಬಂದಿದೆ, ಎಸಿ ಬೇಸಿಗೆಗೆ ಮಾತ್ರ ಅಂತ ಆಫೀಸಿನವರ ಮಾತು. ನೋಟ್‌ಬುಕ್‌ನಲ್ಲಿ ಇನ್ನೂ ಅರ್ಧಕ್ಕಿಂತ ಜಾಸ್ತಿ ಪುಟ ಖಾಲಿ ಇದೆ. ಜುಲೈ 1ರಿಂದ ಮತ್ತೆ ಬರೆಯುತ್ತಿದ್ದೇನೆ.